ಸಿಲ್ವೆರಿಯೊನ ಕೊನೆಯ ಬಾಟಲಿ

"ಅದನ್ನ ಭೂತಾಯಿಗೆ ಹುಯ್ಯಬೇಡ ಕಣೆ ನಿಕಾಸಿಯಾ. ಸತ್ತು ಹೋಗಿರುತ್ತೆ ಅದು," ಎಂದಳು ಪಕ್ಕದ ಮನೆಯ ಕಸಿಮಿರಾ, ಬೇಲಿಯ ಆಚೆಯಿಂದ.

ನಿಕಾಸಿಯಾ ಕೈಯಲ್ಲಿದ್ದ ವೈನಿನ ಬಾಟಲಿಯನ್ನು ಕೆಳಗಿಟ್ಟಳು. ಅಂಗಳದಲ್ಲಿ ಗುಂಡಿ ತೋಡಿ ಆಗಿತ್ತು. ಆಗಸ್ಟ್ ಒಂದನೇ ತಾರೀಖು ನಮ್ಮೂರು ಕಫಯಾತೆಯಲ್ಲಿ ಎಲ್ಲ ಮನೆಯವರೂ ಭೂತಾಯಿಗೆ ಉಣಿಸುತ್ತಾರೆ. ಮನೆಯಲ್ಲಿ ಇರುವುದರಲ್ಲೇ ಒಳ್ಳೆಯದನ್ನು ಮೊದಲು ಅವಳ ಬಾಯಿಗೆ, ಅಂದರೆ ಆ ಗುಂಡಿಗೆ, ಹಾಕಬೇಕು, ಅದೂ ಇಬ್ಬಿಬ್ಬರಾಗಿ ಮಂಡಿಯೂರಿ. ಒಬ್ಬರೇ ಕೂತು ಉಣಿಸಿದ್ದನ್ನು ನಮ್ಮ ಕಣಿವೆಯಲ್ಲಿ ಯಾರೂ ಕಂಡಿಲ್ಲ.

ನಿಕಾಸಿಯಾಳ ಜೋಡಿ, ಅವಳ ಗಂಡ ಸಿಲ್ವೆರಿಯೊ, ಎರಡು ವರ್ಷದ ಹಿಂದೆ, ವೈನು ಬಾಟಲಿಗೆ ಇಳಿದ ವಾರವೇ ಹೋಗಿಬಿಟ್ಟ. ಇದು ಆ ವೈನಿನ ಕೊನೆಯ ಬಾಟಲಿ. ನಮ್ಮ ತೊರೊಂತೇಸ್ ದ್ರಾಕ್ಷಿಯ ವೈನು ಮೂಗಿಗೆ ಹಿಡಿದರೆ ಮಲ್ಲಿಗೆ, ಬಾಯಿಗೆ ಹಾಕಿದರೆ ಕಣ್ಣು ಮುಚ್ಚಿಸುವ ಹುಳಿ. 'ಥೇಟ್ ನಿನ್ನ ಹಾಗೇ ಕಣೆ,' ಎಂದು ಗಂಡ ರೇಗಿಸುತ್ತಿದ್ದ. ಮುಂದಿನ ಕೊಯ್ಲಿನೊಳಗೆ ಅದನ್ನು ಕುಡಿದು ಮುಗಿಸಬೇಕು, ಇಲ್ಲದಿದ್ದರೆ ಘಮ ಸಾಯುತ್ತದೆ. ಜೋಪಾನ ಮಾಡುತ್ತೇವೆ ಎಂದವರಿಗೆ, ಎತ್ತಿಡೋಕೆ ಇದೇನು ಒಡವೆನಾ ಎಂದು ಬೈದು ಕಳಿಸುತ್ತಿದ್ದ. ನಲವತ್ತು ವರ್ಷ ಅವನ ಜೊತೆ ದ್ರಾಕ್ಷಿ ಹಿಂಡಿದವಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನ ಕತ್ತು, ಅಂಗೈ, ಅಂಗಿಯ ವಾಸನೆಯೆಲ್ಲ ಉಳಿದಿದ್ದುದು ಅದೊಂದರಲ್ಲೇ. ಕುಡಿದರೆ ಮುಗಿಯುತ್ತದೆ, ಇಟ್ಟರೆ ಸಾಯುತ್ತದೆ. ನಾಳೆ, ನಾಳೆ ಎನ್ನುತ್ತಲೇ ಎರಡು ವರ್ಷ ಕಳೆದಳು.

ಕಸಿಮಿರಾ ತಮ್ಮ ಮನೆಯ ಈ ವರ್ಷದ ವೈನನ್ನು ಒಂದು ಹೂಜಿಯಲ್ಲಿ ತಂದು ಬೇಲಿಯ ಮೇಲಿಂದ ಚಾಚಿದಳು. ಬೇಕಾದರೆ ತಾನೂ ಬಂದು ಪಕ್ಕದಲ್ಲಿ ಕೂರುವುದಾಗಿ ಹೇಳಿದಳು.

"ಹೂಜಿ ಕೊಡು, ಸಾಕು. ಆ ಜಾಗ ಹಾಗೇ ಇರ್ಲಿ," ಎಂದಳು ನಿಕಾಸಿಯಾ.

ಮಣ್ಣಿನ ಗೂಡೊಲೆಯಿಂದ ಎಂಪನಾದಾಗಳನ್ನು ತೆಗೆದಳು. ಮಾಂಸ, ಆಲೂಗಡ್ಡೆ ತುಂಬಿದ ಆ ಕಡುಬನ್ನು ಕಚ್ಚಿದರೆ ರಸ ಸುರಿಯುತ್ತದೆ. ಅದಕ್ಕೇ ಊರವರೆಲ್ಲ ಕಾಲು ಅಗಲಿಸಿ ಮುಂದಕ್ಕೆ ಬಾಗಿ ತಿನ್ನುತ್ತಾರೆ. ಸಿಲ್ವೆರಿಯೊ ಎಷ್ಟು ಬಾಗಿದರೂ ಅಂಗಿಯ ಮೇಲೆ ಚೆಲ್ಲಿಕೊಳ್ಳುವವನೇ. ಹಾಗಾಗಿ ಅವನ ಗಲ್ಲದ ಕೆಳಗೆ ಇವಳು ತಟ್ಟೆ ಹಿಡಿಯಬೇಕಾಗಿತ್ತು.

ಹಳೆಯ ಬಾಟಲಿಯ ಬಿರಡೆ ತೆಗೆದಳು. ಹಸಿರು ಛಾಯೆಯಿರಬೇಕಾದ ವೈನು ಜೇನಿನ ಬಣ್ಣಕ್ಕೆ ತಿರುಗಿತ್ತು. ಮೂಸಿದಳು. ಕಣ್ಣು ಮುಚ್ಚಿ ಮತ್ತೆ ಮೂಸಿದಳು. ತೊಯ್ದ ರಟ್ಟಿನ ವಾಸನೆ, ಅಷ್ಟೇ. ಅಯ್ಯೋ ಪೆದ್ದಿ, ನೀನೇ ಸಾಯಿಸಿದೆಯಲ್ಲೇ ಎಂದುಕೊಂಡಳು. ಸತ್ತ ದಿನಕ್ಕಿಂತ ಈಗಲೇ ಅವನು ನಿಜವಾಗಿ ಹೋದ ಎನಿಸಿತು.

ಗುಂಡಿಯ ಎಡಕ್ಕೆ ಮಂಡಿಯೂರಿದಳು. ಬಲಕ್ಕೆ ಯಾರೂ ಇರಲಿಲ್ಲ. ಒಂದು ಎಂಪನಾದಾ ಮುರಿದು ಹಾಕಿ, ಕಸಿಮಿರಾಳ ಹೊಸ ವೈನನ್ನು ಸುರಿದಳು. ಬಿಸಿಲಿಗೆ ಕಾದ ಮಣ್ಣಿನಿಂದ ಮಲ್ಲಿಗೆ ಘಮ್ಮೆಂದು ಎದ್ದಿತು. ಅದೇ ವಾಸನೆ. ಆದರೆ ಅವನದಲ್ಲ.

ಹಳಸಿದ್ದನ್ನು ಭೂತಾಯಿಗೆ ಕೊಡುವಂತಿಲ್ಲ, ಚೆಲ್ಲಲು ಇವಳಿಗೆ ಮನಸ್ಸಿಲ್ಲ. ಸಿಲ್ವೆರಿಯೊನ ವೈನನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡು ಒಂದೇ ಉಸಿರಿಗೆ ಕುಡಿದಳು. ಸಪ್ಪೆ. ಆಮೇಲೆ ಎದ್ದು ನಿಂತು, ಕಾಲು ಅಗಲಿಸಿ, ಎಂಪನಾದಾ ಕಚ್ಚಿದಳು. ಬಿಸಿ ರಸ ಮೊಣಕೈವರೆಗೆ ಇಳಿದು ಲಂಗದ ಮೇಲೆ ಬಿತ್ತು. ಆಗ ನೋಡಿಕೊಂಡಳು. ಇನ್ನೊಂದು ಕೈ ತಟ್ಟೆಯನ್ನು ಬಲಕ್ಕೆ, ಅವನ ಗಲ್ಲದ ಎತ್ತರಕ್ಕೆ, ಚಾಚಿ ಹಿಡಿದಿತ್ತು. ತಟ್ಟೆ ಒಣಗಿಯೇ ಇತ್ತು.