ಜಿಡ್ಡು ತೊಳೆದದ್ದು

ಆಲಿವ್ ಗಾಣದಿಂದ ಹೊರಬೀಳುವ ಕಪ್ಪು ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ಗ್ರೀಸಿನ ಕಲಮಾಟ ಊರಿನವರಿಗೆ ಇದು ಅಜ್ಜನ ಕಾಲದ ತಲೆನೋವು. ಆ ಹಾಳು ನೀರಿನಿಂದಲೇ ವಿದ್ಯುತ್ ತೆಗೆಯುತ್ತೇವೆಂದು ಗಾಣದ ಹಿಂದಿನ ಶೆಡ್ಡಿನಲ್ಲಿ ಮೂವರು ಕೂತಿದ್ದರು. ಎವಾಂಥಿಯಾ ಸೂಕ್ಷ್ಮಜೀವಿಗಳನ್ನು ಸಾಕುವವಳು. ರಸಾಯನಶಾಸ್ತ್ರದ ಹಿರಿಯ ಥ್ರಾಸಿವುಲೋಸ್ ಇಂಗಾಲದ ಎಳೆಗಳಿಂದ ಕುಂಚ ಕಟ್ಟುವವರು. ಹುಟ್ಟಿದ ವಿದ್ಯುತ್ತನ್ನು ಅಳೆಯುವವಳು ಪೊಲಿಕ್ಸೇನಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ ಅದು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಅರ್ಥವಾದರೆ ಅದೇ ದೊಡ್ಡದು.

ಜೀವಿಗಳು ಕುಂಚದ ಮೇಲೆ ಲೋಳೆಯಾಗಿ ಕೂತು, ಕಪ್ಪು ನೀರು ತಿಂದು, ವಿದ್ಯುತ್ ಕೊಡುತ್ತಿದ್ದವು. ಎಂಟು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಲೋಳೆ. ವಸಂತದಲ್ಲಿ ಅಥೆನ್ಸಿನಿಂದ ಪರೀಕ್ಷಕಿ ಬಂದು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಶೆಡ್ಡಿಗೆ ಬೀಗ.

ತಂಗಿಯ ಮದುವೆ ಮುಗಿಸಿ ಎವಾಂಥಿಯಾ ವಾಪಸು ಬಂದಾಗ ಕುಂಚಗಳು ಲಕಲಕ ಹೊಳೆಯುತ್ತಿದ್ದವು.

"ಆಸಿಡ್‌ನಲ್ಲಿ ನೆನೆಸಿ ತೊಳೆದಿಟ್ಟಿದೀನಿ ಕಣಮ್ಮ," ಎಂದರು ಥ್ರಾಸಿವುಲೋಸ್ ಸಂತೋಷದಿಂದ. "ಅಬ್ಬಾ, ಏನು ಜಿಡ್ಡು ಹಿಡಿದಿತ್ತು!"

"ಜಿಡ್ಡಾ? ಅಯ್ಯೋ ಮೇಷ್ಟ್ರೇ! ದನ ಎಲ್ಲ ಕೊಂದುಹಾಕಿ, ಕೊಟ್ಟಿಗೆ ಚೊಕ್ಕ ಮಾಡಿದೀನಿ ಅಂತಿದೀರಲ್ಲ!"

ಅಳತೆಗೆಂದು ಪೊಲಿಕ್ಸೇನಿಯ ಮೇಜಿನ ಮೇಲಿದ್ದ ಒಂದೇ ಒಂದು ಕುಂಚ ಬಚಾವಾಗಿತ್ತು. ಅದರ ಲೋಳೆಯನ್ನೇ ತೊಳೆದ ಕುಂಚಗಳಿಗೆ ಹೆಪ್ಪಿನಂತೆ ಹಾಕಿ ಎವಾಂಥಿಯಾ ಮತ್ತೆ ಮೊದಲಿಂದ ಶುರುಮಾಡಿದಳು. ಮೇಷ್ಟ್ರ ಜೊತೆ ಮಾತು ಬಿಟ್ಟಳು. ಅವರು ದಿನಾ ಅವಳ ಮೇಜಿನ ಮೇಲೆ ಕಾಫಿ ಇಟ್ಟು ಹೋಗುತ್ತಿದ್ದರು, ಅದು ಅಲ್ಲೇ ಆರುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಪೊಲಿಕ್ಸೇನಿ ಬಂದಳು. "ತೊಳೆದ ಕುಂಚಗಳು ತೊಳೀದೆ ಇರೋದಕ್ಕಿಂತ ಒಂದೂವರೆ ಪಟ್ಟು ಕೊಡ್ತಿವೆ."

"ನಿನ್ನ ಮೀಟರ್ ಕೆಟ್ಟಿದೆ."

"ಬೇರೆ ಬೇರೆ ಮೀಟರ್ ಹಾಕಿ ನೋಡ್ದೆ ಕಣೇ. ಕೆಟ್ಟಿರೋದು ನಿನ್ನ ಮೂತಿ ಒಂದೇ."

ಎವಾಂಥಿಯಾ ಒಲ್ಲದ ಮನಸ್ಸಿನಿಂದ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಬೈಯೋದು ಬಾಕಿ ಇದ್ರೆ ಬೈದುಬಿಡಮ್ಮ."

"ಯಾವ ಆಸಿಡ್? ಎಷ್ಟು ಹೊತ್ತು ನೆನೆಸಿದ್ರಿ?"

ಇಬ್ಬರೂ ಒಂದೇ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಆಸಿಡ್ ತಿಂದ ಎಳೆಗಳು ತರಿತರಿಯಾಗಿದ್ದವು, ಜೀವಿಗಳು ಅಲ್ಲಿ ದಟ್ಟವಾಗಿ ಮೆತ್ತಿಕೊಂಡಿದ್ದವು. "ನುಣುಪು ಗೋಡೆಗೆ ಗಾರೆ ನಿಲ್ಲೋದಿಲ್ಲ," ಎಂದು ಮೇಷ್ಟ್ರು ಗೊಣಗಿದರು. ಎವಾಂಥಿಯಾ ಜೀವವನ್ನು ಬಲ್ಲವಳು, ಅದು ಕೂರುವ ನೆಲದ ಯೋಚನೆ ಅವಳಿಗೆ ಬಂದಿರಲಿಲ್ಲ. ಮೇಷ್ಟ್ರು ನೆಲ ಬಲ್ಲವರು, ಅದರ ಮೇಲಿದ್ದ ಜೀವ ಅವರಿಗೆ ಕೊಳೆಯಾಗಿ ಕಂಡಿತ್ತು. ಆವತ್ತು ಅವಳು ಕಾಫಿ ಕುಡಿದಳು.

ಪರೀಕ್ಷಕಿ ಬಂದವಳು ಎಲ್ಲ ನೋಡಿ ತಲೆ ಕೊಡವಿದಳು. "ಹೊಸ ಲೋಳೆ ಅಂತ ಜಾಸ್ತಿ ಕೊಡ್ತಿರಬಹುದು. ಆ ಹಳೇ ಕುಂಚ ಇದೆಯಲ್ಲ, ಅದನ್ನ ಎರಡು ಭಾಗ ಮಾಡಿ. ಎರಡರದ್ದೂ ಲೋಳೆ ತೆಗೆದು, ಒಂದನ್ನ ಮಾತ್ರ ಆಸಿಡ್‌ಗೆ ಹಾಕಿ, ಎರಡರಲ್ಲೂ ಹೊಸದಾಗಿ ಬೆಳೆಸಿ. ಆಸಿಡ್‌ಗೆ ಹಾಕಿದ್ದೇ ಮೇಲಾದ್ರೆ ಒಪ್ತೀನಿ. ಇಲ್ಲ ಅಂದ್ರೆ ಇಲ್ಲಿಗೆ ಮುಗೀತು."

"ಅದು ಬೇಡ ಮೇಡಂ," ಎಂದು ಮೇಷ್ಟ್ರು ಅಡ್ಡ ಬಂದರು. "ಈ ಹುಡುಗಿ ಎಂಟು ತಿಂಗಳು ಸಾಕಿದ್ರಲ್ಲಿ ಉಳಿದಿರೋದು ಅದೊಂದೇ."

ಎವಾಂಥಿಯಾ ಕಪ್ಪು ನೀರಿನ ತೊಟ್ಟಿಗೆ ಕೈಹಾಕಿ, ಲೋಳೆ ಸುರಿಯುವ ಕುಂಚವನ್ನು ಎತ್ತಿ ಅವರ ಅಂಗೈ ಮೇಲೆ ಇಟ್ಟಳು. "ತೊಳೀರಿ ಮೇಷ್ಟ್ರೇ. ಆವತ್ತಿನ ಹಾಗೇ ತೊಳೀರಿ."

ಬೇಸಿಗೆಗೆ ಪರೀಕ್ಷಕಿ ಮತ್ತೆ ಬಂದಳು. ಪೊಲಿಕ್ಸೇನಿ ಎರಡೂ ಅಳತೆಗಳನ್ನು ಗಟ್ಟಿಯಾಗಿ ಓದಿದಳು. ಆಸಿಡ್ ಕಂಡ ಅರ್ಧ ಕುಂಚ ಇನ್ನರ್ಧವನ್ನು ಎಲ್ಲೋ ಹಿಂದೆ ಹಾಕಿತ್ತು. ಪರೀಕ್ಷಕಿ ತಾನೇ ಇನ್ನೊಮ್ಮೆ ಅಳೆದು ನೋಡಿ, ಕನ್ನಡಕ ತೆಗೆದಳು.

"ಯಾರಿಗೆ ಹೊಳೀತು ಇದು?"

"ಹೊಳೆಯೋದೆಲ್ಲಿ ಬಂತು ಮೇಡಂ, ನನ್ನಿಂದ ಆದ ತಪ್ಪು..." ಎಂದು ಮೇಷ್ಟ್ರು ತಲೆ ತಗ್ಗಿಸಿದರು.

"ತಪ್ಪೂ ಇಲ್ಲ, ಗಿಪ್ಪೂ ಇಲ್ಲ," ಎಂದಳು ಎವಾಂಥಿಯಾ, ಗಾಣದವರಿಗೆಲ್ಲ ಕೇಳುವ ಹಾಗೆ. "ಬರ್ಕೊಳ್ಳಿ ಮೇಡಂ. ತೊಳೆದದ್ದು ನಮ್ಮ ಮೇಷ್ಟ್ರು."