ಅತ್ತೆಯ ಕಂಪ್ಯೂಟರ್ ಎಲ್ಲಿದೆ?

ಬಾಣ ಮತ್ತೆ ನಿಂತಿತು.

"ಕೆಳಗೆ ಹೋಗಿ ಅತ್ತೆ, ಕೆಳಗೆ," ಎಂದಳು ಸೊಸೆ, ಪರದೆಗೆ ಮೂಗು ತಾಗುವಷ್ಟು ಬಗ್ಗಿ.

ಪರದೆಯ ಮೇಲಿದ್ದ ಪುಟ್ಟ ಬಿಳಿ ಬಾಣಕ್ಕೆ ಕಿವಿ ಇರಲಿಲ್ಲ. ಅದನ್ನು ಆಡಿಸುತ್ತಿದ್ದ ಕೈ ಇದ್ದದ್ದು ಊರಿನ ಆ ತುದಿಯಲ್ಲಿ, ಕಣ್ಣಾಸ್ಪತ್ರೆಯ ಹಳೆಯ ಶಾಖೆಯ ಕೌಂಟರಿನಲ್ಲಿ. ಸೊಸೆ ಕೂತದ್ದು ಈ ತುದಿಯಲ್ಲಿ, ಅದೇ ಆಸ್ಪತ್ರೆಯ ಮುಖ್ಯ ಕಚೇರಿಯ ಮೇಲಿನ ಮಹಡಿಯಲ್ಲಿ. ಕೂತಿದ್ದಳು ಅನ್ನುವುದೂ ತಪ್ಪೇ. ಕುರ್ಚಿಯ ಅಂಚಿಗೆ ಒರಗುತ್ತಿದ್ದಳು, ಏಳುತ್ತಿದ್ದಳು, ಕಿಟಕಿಯವರೆಗೆ ಹೋಗಿ ಏನೂ ನೋಡದೆ ವಾಪಸ್ ಬರುತ್ತಿದ್ದಳು. ಬೆಳಿಗ್ಗೆಯಿಂದ ಉಗುರು ಕಚ್ಚಿ ಕಚ್ಚಿ, ಈಗ ಕಚ್ಚಲು ಹೆಬ್ಬೆರಳಿನದೊಂದು ಬಾಕಿ ಇತ್ತು.

"ನೀನು ಹೀಗೆ ತಿರುಗ್ತಾ ಇದ್ರೆ ನಂಗೆ ತಲೆ ಸುತ್ತುತ್ತೆ," ಎಂದ ಪಕ್ಕದ ಮೇಜಿನವನು. ತಂತಿಯ ಹಾಗೆ ಸಣ್ಣಗಿದ್ದ ಅವನನ್ನು ಕಚೇರಿಯಲ್ಲಿ ಎಲ್ಲರೂ ವಯರು ಅಂತಲೇ ಕರೆಯುತ್ತಿದ್ದರು. "ಪರೀಕ್ಷೆ ನಿಮ್ಮ ಅತ್ತೆಗೋ ನಿನಗೋ?"

"ಇಬ್ಬರಿಗೂ. ಸುಮ್ನಿರು."

ಅದು ನಿಜವೇ ಆಗಿತ್ತು. ಶಾಖೆಗಳಲ್ಲಿದ್ದ ಹಳೆಯ ಕಂಪ್ಯೂಟರುಗಳನ್ನೆಲ್ಲ ತೆಗೆಸಿ, ಅವುಗಳ ಜಾಗದಲ್ಲಿ ಅಂಗೈಯಗಲದ ಪೆಟ್ಟಿಗೆ ಮತ್ತು ಪರದೆ ಕೂರಿಸುವ ಯೋಜನೆ ಇವಳದೇ. ಅಸಲಿ ಯಂತ್ರಗಳು ಮುಖ್ಯ ಕಚೇರಿಯ ತಂಪು ಕೋಣೆಯಲ್ಲಿರುತ್ತವೆ. ಒಂದೊಂದು ದೊಡ್ಡ ಯಂತ್ರದ ಹೊಟ್ಟೆಯೊಳಗೆ ಇಪ್ಪತ್ತು ಮೂವತ್ತು ಕಂಪ್ಯೂಟರುಗಳು ಸಂಸಾರ ಮಾಡಿಕೊಂಡಿರುತ್ತವೆ. ಎಲ್ಲೋ ಏನೋ ಕೆಟ್ಟರೆ ಸ್ಕೂಟರ್ ಹತ್ತಿ ಓಡಬೇಕಾಗಿಲ್ಲ, ಇಲ್ಲೇ ಕೂತು ಸರಿ ಮಾಡಬಹುದು. ಶಾಖೆಯ ಪೆಟ್ಟಿಗೆ ಸುಟ್ಟು ಕರಕಲಾದರೂ ರೋಗಿಗಳ ವಿವರಕ್ಕೆ ಬಿಸಿ ತಾಗದು. ಸಭೆಯಲ್ಲಿ ಇದನ್ನೆಲ್ಲ ಅವಳು ಎಷ್ಟು ಚೆನ್ನಾಗಿ ಹೇಳಿದ್ದಳೆಂದರೆ ಆಡಳಿತದ ಸಾಹೇಬರು ಫೋನ್ ಕೆಳಗಿಟ್ಟು ಕೇಳಿದ್ದರು.

"ಆಗಲಿ. ಕೌಂಟರಿನವರನ್ನೆಲ್ಲ ನಾನೇ ಹಿಂದೆ ನಿಂತು ಪರೀಕ್ಷೆ ಮಾಡ್ತೀನಿ," ಎಂದಿದ್ದರು ಕೊನೆಗೆ. "ಕಲಿಯೋಕಾಗದವರನ್ನ ಹಿಂದುಗಡೆ ಕಡತದ ಕೋಣೆಗೆ ಕಳಿಸೋಣ. ಏನಂತೀರಿ?"

ಇವಳು ತಲೆ ಆಡಿಸಿದ್ದಳು. ಆಡಿಸಿದ ಮೇಲೆ ಹೊಳೆದಿತ್ತು, ಹಳೆಯ ಶಾಖೆಯ ಕೌಂಟರಿನಲ್ಲಿ ಇರುವುದು ಯಾರು ಅಂತ.

ಅತ್ತೆ ಆ ಕೌಂಟರಿಗೆ ಬಂದಾಗ ಅವರ ಮಗ, ಅಂದರೆ ಇವಳ ಗಂಡ, ಇನ್ನೂ ಚಡ್ಡಿ ಹಾಕುತ್ತಿದ್ದ. ಬಾಗಿಲಲ್ಲಿ ಕಂಡ ರೋಗಿಯನ್ನು ಅತ್ತೆ "ಬಲಗಣ್ಣು ಈಗ ಹೇಗಿದೆ?" ಎಂದೇ ಬರಮಾಡಿಕೊಳ್ಳುತ್ತಿದ್ದರು. ಅಂಥವರನ್ನು ಕಿಟಕಿಯಿಲ್ಲದ ಕಡತದ ಕೋಣೆಗೆ ಹಾಕಿದರೆ? ಸಂಜೆ ಬಂದು ಚಪ್ಪಲಿ ಬಿಟ್ಟು ಒಳಗೆ ಬರುವಾಗ ಅವರ ಮುಖ ಹೇಗಿರುತ್ತದೆ? ಬೈದರೆ ಪರವಾಗಿರಲಿಲ್ಲ. ಅತ್ತೆ ಬೈಯುವುದಿಲ್ಲ. ಸುಮ್ಮನೆ ತಟ್ಟೆ ತೊಳೆಯುತ್ತಾರೆ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆಯುತ್ತಾರೆ.

ಹಿಂದಿನ ಸಂಜೆ ಅಡುಗೆಮನೆಯಲ್ಲಿ ಅತ್ತೆಯೇ ಮಾತು ತೆಗೆದಿದ್ದರು. ಇವಳ ಕೈಯಿಂದ ಸೌಟು ಕಿತ್ತುಕೊಂಡು, ಪಾತ್ರೆಯನ್ನೇ ನೋಡುತ್ತಾ, "ಅಲ್ಲಾ, ಅದನ್ನ ಆರಿಸಿದ್ರೂ ಆರಲ್ವಂತೆ?" ಎಂದರು.

"ಆರಲ್ಲ ಅತ್ತೆ. ನಿಮ್ಮ ಮೇಜಿನ ಮೇಲಿರೋದು ಬರೀ ಕಿಟಕಿ. ಕಂಪ್ಯೂಟರ್ ನಮ್ಮ ಕಚೇರೀಲಿದೆ. ನೀವು ಕಿಟಕಿ ಮುಚ್ಚಿದ್ರೂ ಅದರ ಪಾಡಿಗೆ ಅದು ಎದ್ದೇ ಇರುತ್ತೆ. ಬೇರೆ ಕಿಟಕಿಗೆ ಹೋಗಿ ನಿಮ್ಮ ಹೆಸರು, ಗುಟ್ಟಿನ ಪದ ಒತ್ತಿ, ಬಿಟ್ಟಲ್ಲಿಂದಾನೇ ಕಾಣುತ್ತೆ."

"ಹಾಗಾದ್ರೆ ದಿನಾ ಬೆಳಿಗ್ಗೆ ನಾನು ಒರೆಸ್ತಾ ಇರೋದು ಕಿಟಕೀನಾ?"

ಅತ್ತೆಯ ಬಳಿ ಒಂದು ಹಳದಿ ಬಟ್ಟೆಯಿತ್ತು. ಕೌಂಟರಿನಲ್ಲಿ ಕೂರುವ ಮುಂಚೆ ಕಂಪ್ಯೂಟರನ್ನು ಅದರಿಂದ ಮೈ ಒರೆಸಿದ ಹಾಗೆ ಒರೆಸುತ್ತಿದ್ದರು. ಸಂಜೆ ಅದನ್ನೇ ಹೊದಿಸಿ ಬರುತ್ತಿದ್ದರು.

"ಹೂಂ, ಕಿಟಕಿಯೇ."

"ನಿಮ್ಮ ಕಚೇರೀಲಿ ಇರೋದನ್ನ ಯಾರು ಒರೆಸ್ತಾರೆ?"

ಸೊಸೆಗೆ ನಗು ಬಂತು. ಅತ್ತೆಗೆ ಬರಲಿಲ್ಲ. "ನಾಳೆ ಪರೀಕ್ಷೆಯಲ್ಲಿ ಬೇಕಾದ್ರೆ ನಾನು ಕಚೇರಿಯಿಂದಾನೇ ಸ್ವಲ್ಪ..." ಎಂದು ಇವಳು ಶುರು ಮಾಡುವಷ್ಟರಲ್ಲಿ ಸೌಟು ಪಾತ್ರೆಯ ಅಂಚಿಗೆ ಟಣ್ ಎಂದಿತು.

"ನೋಡಮ್ಮಾ, ನೀನು ನಿನ್ನ ಕೆಲಸ ನೋಡ್ಕೋ. ನನ್ನ ಮೇಜಿಗೆ ಕೈ ಹಾಕಬೇಡ."

ಈಗ ಆ ಮೇಜು ಇವಳ ಕಣ್ಣೆದುರಿಗೇ ಇತ್ತು. ಪರದೆಯ ನೆತ್ತಿಯ ಮೇಲೆ ತೆಳ್ಳನೆಯ ಹಸಿರು ಪಟ್ಟಿ. ಮುಖ್ಯ ಕಚೇರಿಯವರು ನೋಡುತ್ತಿದ್ದಾರೆ ಅನ್ನುವುದಕ್ಕೆ ಗುರುತು. ಹೊಸದರಲ್ಲಿ ಎಲ್ಲ ಶಾಖೆಗಳನ್ನೂ ಹೀಗೆ ನೋಡುತ್ತಿದ್ದರು, ತಪ್ಪೇನಿಲ್ಲ. ಆದರೆ ಇಲ್ಲಿಂದ ಮೌಸ್ ಮುಟ್ಟಿದರೆ ಪಟ್ಟಿ ಎರಡೂ ಕಡೆ ಕೆಂಪಾಗುತ್ತದೆ. ಅಲ್ಲಿ ಅತ್ತೆಯ ಬೆನ್ನ ಹಿಂದೆ ಸಾಹೇಬರು ಕನ್ನಡಕ ಏರಿಸಿಕೊಂಡು ನಿಂತಿರುತ್ತಾರೆ.

ಬಾಣ ಕೆಳಗಿಳಿಯಿತು. ಅಲ್ಲಿ ಎರಡು ಗುಂಡಿಗಳಿದ್ದವು: ಹೊಸ ರೋಗಿ, ಹಳೆ ರೋಗಿ. ಬಾಣ ಎರಡರ ನಡುವೆ ತೂಗಾಡಿ, ಹಳೆಯದರ ಕಡೆ ಹೊರಟಿತು.

"ಅಯ್ಯೋ, ಹೊಸದು ಅತ್ತೆ! ಪರೀಕ್ಷೆಗೆ ಹೊಸ ರೋಗಿಯನ್ನ ತಾನೇ ಕೊಡೋದು!"

ಕೈ ಯಾವಾಗ ಮೌಸಿನ ಮೇಲೆ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಒಂದೇ ಒಂದು ಕೂದಲಿನಷ್ಟು ಸರಿಸಿದಳು. ಪಟ್ಟಿ ಕೆಂಪಾಯಿತು. ಬಾಣ ಗಕ್ಕನೆ ನಿಂತು, ಮರುಕ್ಷಣ ಆ ಕಡೆಗೆ ಜಗ್ಗಿತು. ಇವಳು ಈ ಕಡೆಗೆ. ಅದು ಆ ಕಡೆಗೆ, ಇನ್ನೂ ಜೋರಾಗಿ. ಆ ಎಳೆತವನ್ನು ಅವಳ ಮಣಿಕಟ್ಟು ಚೆನ್ನಾಗಿ ಬಲ್ಲದು.

"ಏನಲ್ಲಿ ಹಗ್ಗಜಗ್ಗಾಟ?" ಎಂದ ವಯರು.

ಅವಳು ಬಿಸಿ ತಾಗಿದವಳ ಹಾಗೆ ಕೈ ತೆಗೆದಳು. ಬಾಣ ನೆಟ್ಟಗೆ ಹೋಗಿ ಹಳೆ ರೋಗಿ ಎಂಬಲ್ಲಿ ಒತ್ತಿತು. ಒಂದು ಫೋನ್ ನಂಬರ್ ಬಿತ್ತು. ಹಾಳೆ ತೆರೆದುಕೊಂಡಿತು: ಯಾರೋ ವಯಸ್ಸಾದವರು, ಹೋದ ವರ್ಷ ಬೇರೊಂದು ಶಾಖೆಯಲ್ಲಿ ಕಣ್ಣು ತೋರಿಸಿದ್ದವರು. ಎದುರು ನಿಂತಿದ್ದವರನ್ನು ಅತ್ತೆ ಕೇಳಿ ತಿಳಿದುಕೊಂಡಿದ್ದರು. ಇಲ್ಲಿಂದ ಮನುಷ್ಯರು ಎಲ್ಲಿ ಕಾಣುತ್ತಾರೆ?

ಸೊಸೆ ನಾಲಿಗೆ ಕಚ್ಚಿಕೊಂಡಳು. ಪಟ್ಟಿ ಮತ್ತೆ ಹಸಿರಾಯಿತು. ಸಾಹೇಬರು ಕೆಂಪು ನೋಡಿಬಿಟ್ಟಿದ್ದರೆ? ಇನ್ನೊಬ್ಬರ ಕೈಯಲ್ಲಿ ಬರೆಸಿದರು ಅಂತ ಅಲ್ಲೇ ನಿಲ್ಲಿಸಿಬಿಟ್ಟರೆ? ಕಡತದ ಕೋಣೆಗೆ ತಾನೇ ಕೈಹಿಡಿದು ನೂಕಿದಂತೆ ಆಗುವುದಿಲ್ಲವೇ?

ನಿಲ್ಲಿಸಿರಲಿಲ್ಲ. ತೊಂದರೆ ಏನು ಎಂಬ ಚೌಕದಲ್ಲಿ ಅಕ್ಷರಗಳು ಒಂದೊಂದಾಗಿ ಬೀಳತೊಡಗಿದವು. ಒಂದೇ ಬೆರಳಿನ ಟೈಪಿಂಗ್. ಪ್ರತಿ ಅಕ್ಷರಕ್ಕೂ ಮುಂಚೆ ಒಂದು ಹುಡುಕಾಟ, ಸಿಕ್ಕಿದ ಮೇಲೆ ಒಂದು ಗುದ್ದು. ಎಡಗಣ್ಣಿನಲ್ಲಿ, ಎಂದಾಯಿತು. ಒಂದು ಖಾಲಿ ಜಾಗ. ನೀ, ಎಂದಾಯಿತು.

ಅಲ್ಲಿಗೆ ನಿಂತಿತು.

ಗೆರೆ ಮಿಟುಕುತ್ತಲೇ ಇತ್ತು. ಮುಂದಿನ ಅಕ್ಷರ ಹುಡುಕುತ್ತಿದ್ದಾರೆ ಎಂದುಕೊಂಡಳು. ಅಷ್ಟು ಹೊತ್ತು ಯಾರೂ ಹುಡುಕುವುದಿಲ್ಲ. ಅಷ್ಟರಲ್ಲಿ ಕೆಳಮೂಲೆಯಲ್ಲಿ ಕೌಂಟರ್ ಎಂದಿದ್ದ ಅಕ್ಷರಗಳು ಮಾಸಿ, ಸಂಪರ್ಕ ಕಡಿದಿದೆ ಎಂದು ಮೂಡಿತು.

"ವಯರು, ಹೋಯ್ತು!"

"ಏನ್ ಹೋಯ್ತು?"

"ಅತ್ತೆ ಹೋದ್ರು!"

ಅವನು ಕುರ್ಚಿಯಿಂದ ಹಾರಿಬಿದ್ದ. ಬಂದು ನೋಡಿ, ಎದೆ ನೀವಿಕೊಂಡ. "ಅತ್ತೆ ಹೋಗಿಲ್ಲ ತಾಯಿ, ಪೆಟ್ಟಿಗೆ ಹೋಗಿದೆ. ಕರೆಂಟೋ ತಂತಿಯೋ. ಕಂಪ್ಯೂಟರ್ ನೋಡು, ಗುಂಡುಕಲ್ಲಿನ ಹಾಗಿದೆ. ಸಭೆಯಲ್ಲಿ ನೀನೇ ತಾನೆ ಭಾಷಣ ಬಿಗಿದದ್ದು?"

ನಿಜ. ಅತ್ತೆಯ ಹಾಳೆ ಇವಳ ಪರದೆಯಲ್ಲಿ ಹಾಗೇ ತೆರೆದಿತ್ತು. ಎಡಗಣ್ಣಿನಲ್ಲಿ ನೀ. ಒಂದು ಅಕ್ಷರವೂ ಅಳಿಸಿರಲಿಲ್ಲ. ಬಾಣ ಪಕ್ಕದಲ್ಲಿ ಬಿದ್ದಿತ್ತು, ಯಾರೋ ಬಿಟ್ಟೆದ್ದ ಚಪ್ಪಲಿಯ ಹಾಗೆ. ಯಾರೂ ಇಲ್ಲದ ಮೇಜನ್ನು ಹೀಗೆ ಇಣುಕಿ ನೋಡುವುದು ಅವಳಿಗೆ ಹೊಸದು.

ಕೌಂಟರಿಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಅತ್ತೆಯ ಮೊಬೈಲು ಕೈಚೀಲದ ತಳದಲ್ಲಿರುತ್ತದೆ, ಅದರ ಮಾತೇ ಬೇಡ. ಬಾಕಿ ಇದ್ದ ಕೆಲಸ ಇಲ್ಲಿಂದ ಚಿಟಿಕೆಯಲ್ಲಿ ಮುಗಿಸಬಹುದಿತ್ತು. 'ರು ಬರುತ್ತಿದೆ' ಎಂದು ಒತ್ತಿದರೆ ಆಯಿತು. ಪೆಟ್ಟಿಗೆಯೇ ಸತ್ತಿರುವಾಗ ಕೆಂಪು ಪಟ್ಟಿ ಕಾಣುವುದಾದರೂ ಯಾರಿಗೆ? ಬೆರಳು ಕೀಲಿಯ ಮೇಲೆ ಹೋಗಿ ನಿಂತಿತು. ಮಣಿಕಟ್ಟಿನಲ್ಲಿ ಆ ಎಳೆತ ಇನ್ನೂ ಚುರುಗುಟ್ಟುತ್ತಿತ್ತು.

ಬೆರಳು ತೆಗೆದಳು. ಹೆಲ್ಮೆಟ್ ಎತ್ತಿಕೊಂಡಳು.

"ಎಲ್ಲಿಗೆ?"

"ಹೋಗಿ ಬರ್ತೀನಿ."

"ಇನ್ಮೇಲೆ ಯಾರೂ ಓಡಬೇಕಾಗಿಲ್ಲ ಅಂತ ಸಾಹೇಬರಿಗೆ ಹೇಳಿದವಳು, ಅವರ ಮುಂದೇನೇ ಬೆವರು ಸುರಿಸ್ಕೊಂಡು ಹೋಗಿ ನಿಲ್ತೀಯಾ?"

ಮೆಟ್ಟಿಲವರೆಗೆ ಹೋದಳು. ವಾಪಸ್ ಬಂದಳು. ಹೆಲ್ಮೆಟ್ ಇಟ್ಟಳು. ಮತ್ತೆ ಎತ್ತಿಕೊಂಡಳು. ವಯರು ನೀರಿನ ಬಾಟಲಿ ಚಾಚಿದ. ಅದನ್ನೂ ಹಿಡಿದುಕೊಂಡು ನಿಂತಳು, ಕುಡಿಯಲಿಲ್ಲ. ಅಲ್ಲಿ ಈಗ ಏನಾಗುತ್ತಿರಬಹುದು? ಸಾಹೇಬರು ಗಡಿಯಾರ ನೋಡುತ್ತಿರಬಹುದು. ಅತ್ತೆ ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂತಿರಬಹುದು, ತಮ್ಮಿಂದಲೇ ಏನೋ ಆಯಿತೆಂದುಕೊಂಡು. ಹಳದಿ ಬಟ್ಟೆ ತೆಗೆದು ಸುಮ್ಮನೆ ಒರೆಸುತ್ತಿರಬಹುದು. ಅದು ಕಣ್ಣಿಗೆ ಕಟ್ಟಿದ್ದೇ ತಡ, ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇನ್ನೊಮ್ಮೆ ಮೆಟ್ಟಿಲ ಕಡೆ ತಿರುಗಿದಳು.

"ಏಯ್," ಎಂದ ವಯರು ಮೆಲ್ಲಗೆ. "ಅಲ್ಲಾಡ್ತಾ ಇದೆ."

ಬಾಣ ಕದಲಿತ್ತು. ಕೆಳಮೂಲೆಯಲ್ಲಿ ಹೊಸ ಅಕ್ಷರಗಳಿದ್ದವು: ಕನ್ನಡಕದ ಕೋಣೆ. ಕೌಂಟರಿನಿಂದ ಅಲ್ಲಿಗೆ ಉದ್ದದ ಓಣಿಯೊಂದನ್ನು ದಾಟಿ ಹೋಗಬೇಕು, ಬೆಂಚುಗಳ ಮೇಲೆ ಕೂತವರ ಕಾಲುಗಳನ್ನು ತಪ್ಪಿಸಿಕೊಂಡು. ಬಾಣ ಪರದೆಯನ್ನು ಒಮ್ಮೆ ಸುತ್ತಿತು, ಬೇರೆಯವರ ಮನೆಗೆ ಬಂದವರು ಕೂರುವ ಮುಂಚೆ ಸುತ್ತ ನೋಡುವ ಹಾಗೆ. ಆಮೇಲೆ ಅರ್ಧಕ್ಕೆ ನಿಂತಿದ್ದ ಪದದ ಬಾಲಕ್ಕೆ ಬಂದು ನಿಂತಿತು.

ಹುಡುಕಾಟ. ಗುದ್ದು. ರು.

ಸೊಸೆ ಹೆಲ್ಮೆಟನ್ನು ಎದೆಗವಚಿಕೊಂಡು ನಿಂತೇ ಓದಿದಳು. ಎಡಗಣ್ಣಿನಲ್ಲಿ ನೀರು ಬರುತ್ತಿದೆ. ಓದುವಾಗ ಕಣ್ಣು ಉರಿಯುತ್ತದೆ. ವೈದ್ಯರ ಕೋಣೆಗೆ ಕಳಿಸಿ ಎಂಬ ಗುಂಡಿಗೆ ಬಾಣ ಹೋಯಿತು. ಒತ್ತಿತು. ಹಾಳೆ ಮುಚ್ಚಿತು. ಅದಾದ ಮೇಲೆ ಇನ್ನೊಬ್ಬ ರೋಗಿ, ಮತ್ತೊಬ್ಬ ರೋಗಿ. ವಯರು ಯಾವಾಗಲೋ ತನ್ನ ಜಾಗಕ್ಕೆ ಹೋಗಿದ್ದ. ಇವಳು ಮಾತ್ರ ಕೂರಲಿಲ್ಲ.

ಸಂಜೆ, ಮನೆಯಲ್ಲಿ ಸಿಗಬೇಕಾದ ಅತ್ತೆ ಮುಖ್ಯ ಕಚೇರಿಯ ಬಾಗಿಲಲ್ಲೇ ನಿಂತಿದ್ದರು. ಕೈಚೀಲ ಹೆಗಲಲ್ಲಿತ್ತು, ಮುಖದಲ್ಲಿ ಏನೂ ಇರಲಿಲ್ಲ.

"ಅತ್ತೆ! ಇಲ್ಲಿ? ಏನಂದ್ರು ಸಾಹೇಬರು?"

"ಏನಂತಾರೆ? ನಾಳೆ ಹೊಸ ಹುಡುಗಿಯೊಬ್ಬಳು ಬರ್ತಾಳೆ, ಕೌಂಟರಿನಲ್ಲಿ ಪಕ್ಕ ಕೂರಿಸ್ಕೊಂಡು ಹೇಳಿಕೊಡಿ ಅಂದ್ರು." ಅತ್ತೆ ಉಸಿರು ತೆಗೆದುಕೊಂಡರು. "ಆ ಮುದುಕಪ್ಪ ಊರುಗೋಲಲ್ಲಿ ತಂತಿ ಕಿತ್ತು ಹಾಕಿಬಿಟ್ಟ. ಸುಮ್ನೆ ಕೂತ್ಕೊಂಡು ಏನ್ ಮಾಡೋದು, ಬೇರೆ ಕಿಟಕಿಗೆ ಹೋದೆ."

"ಅಲ್ಲಾ, ಮೇಲೆ ಒಂದ್ಸಲ ಕೆಂಪು..."

"ಬಂತು. ಇದೇನ್ರೀ ಅಂತ ಕೇಳಿದ್ರು. ಮನೇಲೂ ಹಾಗೇ ಸಾರ್, ಮಧ್ಯೆ ಮಧ್ಯೆ ಬರ್ತಾ ಇರುತ್ತೆ ಅಂದೆ." ಅತ್ತೆಯ ಬಾಯಿಯ ಒಂದು ಕೊನೆ ಮಾತ್ರ ಮೇಲೆದ್ದಿತು. "ಸೌಟು ಕಿತ್ಕೊಳ್ಳೋ ಹಾಗೆ ಎಳೀತೀಯಲ್ಲೇ."

"ಸೌಟು ಕಿತ್ಕೊಳ್ಳೋದು ನೀವು."

"ಇರಲಿ. ನಂದೆಲ್ಲಿದೆ ತೋರ್ಸು."

ತಂಪು ಕೋಣೆಯ ಬಾಗಿಲು ತೆಗೆದಾಗ ಫ್ಯಾನುಗಳ ಮೊರೆತ ಮುಖಕ್ಕೆ ಬಡಿಯಿತು. ಕಬ್ಬಿಣದ ಕಪಾಟುಗಳಲ್ಲಿ ಒಂದರ ಮೇಲೊಂದು ಕಪ್ಪು ಯಂತ್ರಗಳು; ಒಂದೊಂದರ ಮೈಮೇಲೂ ನಿಲ್ಲದೆ ಮಿನುಗುವ ಹಸಿರು ದೀಪಗಳು. ಅತ್ತೆ ಚಳಿಗೆ ತೋಳು ಉಜ್ಜಿಕೊಳ್ಳುತ್ತಾ ಮೇಲಿಂದ ಕೆಳಗೆ ನೋಡಿದರು.

"ಇದರಲ್ಲಿ ನಂದು ಯಾವುದು?"

ಯಾವುದೂ ಅಲ್ಲ ಎನ್ನಬೇಕಾಗಿತ್ತು. ಬೆಳಿಗ್ಗೆ ಈ ಯಂತ್ರದಲ್ಲಿದ್ದದ್ದು ಮಧ್ಯಾಹ್ನ ಭಾರ ಹೆಚ್ಚಾದರೆ ಆ ಯಂತ್ರಕ್ಕೆ ಸರಿದಿರುತ್ತದೆ, ಯಾರೂ ಮುಟ್ಟದೆ, ಯಾರಿಗೂ ಹೇಳದೆ. ಇಂಥದ್ದು ಇಂಥವರದು ಅಂತ ಇಲ್ಲಿ ಏನೂ ಇಲ್ಲ. ಸಭೆಯಲ್ಲಿ ಅವಳು ತುಂಬಾ ಚೆನ್ನಾಗಿ ವಿವರಿಸಿದ್ದು ಇದನ್ನೇ.

ಸೊಸೆ ಕೈ ಚಾಚಿ, ಎದೆಯ ಎತ್ತರದಲ್ಲಿದ್ದ ಒಂದು ಯಂತ್ರದ ಮೇಲೆ ಬೆರಳಿಟ್ಟಳು. "ಇದು."

ಅತ್ತೆ ಹತ್ತಿರ ಹೋಗಿ ಬಗ್ಗಿ ನೋಡಿದರು. ಅದರ ನೆತ್ತಿಯ ಮೇಲೆ ಬೆರಳಾಡಿಸಿ, ಬೆರಳ ತುದಿಗೆ ಅಂಟಿದ್ದನ್ನು ಸೊಸೆಗೆ ತೋರಿಸಿದರು. ಕೈಚೀಲದಿಂದ ಹಳದಿ ಬಟ್ಟೆ ತೆಗೆದು, ದೀಪಗಳಿಗೆ ತಾಗದಂತೆ, ಅಂಚಿನಿಂದ ಅಂಚಿಗೆ ನಿಧಾನವಾಗಿ ಒರೆಸಿದರು. ಬಟ್ಟೆ ಕೊಡವಿದರು. ಮಡಚಿ ಒಳಗಿಡಲು ಹೋದವರು ಒಂದು ಕ್ಷಣ ನಿಂತು, ಮೇಲಿನದನ್ನೂ ಕೆಳಗಿನದನ್ನೂ ನೋಡಿದರು. ಆಮೇಲೆ ಬಟ್ಟೆಯ ಮಗ್ಗುಲು ಬದಲಿಸಿ, ಪಕ್ಕದ ಯಂತ್ರಕ್ಕೆ ಕೈ ಹಚ್ಚಿದರು.