ಹೊಲಿಗೆ ಕೋಣೆಯ ಕಿಟಕಿ

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಲಾಂಡ್ರಿಯ ಹೊಲಿಗೆ ಕೋಣೆಯ ಬಾಗಿಲಿಗೆ ಒಂದು ಕಾಗದ ಅಂಟಿಸಲಾಯಿತು. ಬರುವ ಶನಿವಾರ ಕೋಣೆ ಮುಚ್ಚುತ್ತದೆ, ಅಲ್ಲಿ ಎರಡನೇ ಇಸ್ತ್ರಿ ರೋಲರ್ ಕೂರುತ್ತದೆ, ಆರು ಹೆಂಗಸರಲ್ಲಿ ಇಬ್ಬರಿಗೆ ಬಟ್ಟೆ ಮಡಿಸುವ ವಿಭಾಗದಲ್ಲಿ ಕೆಲಸ ಕೊಡಲಾಗುತ್ತದೆ ಎಂದು ಅದರಲ್ಲಿತ್ತು. ಉಳಿದ ನಾಲ್ವರ ಬಗ್ಗೆ ಕಾಗದ ಏನನ್ನೂ ಹೇಳಿರಲಿಲ್ಲ.

ಆ ಕೋಣೆಯ ಮೇಲ್ವಿಚಾರಕಿಯನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಕನ್ನಡಕ ತೆಗೆದರೂ ಬ್ಲೌಸಿನ ತುದಿಯಲ್ಲಿ ಚುಚ್ಚಿದ ಎರಡು ಸೂಜಿಗಳನ್ನು ಆಕೆ ತೆಗೆಯುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದ ಕೆಲಸ. ಆಕೆ ಕಾಗದವನ್ನು ಎರಡು ಸಲ ಓದಿ, ಕೈಯಲ್ಲಿದ್ದ ಬೆಡ್‌ಶೀಟಿನ ಅಂಚು ಮುಗಿಸಿ, ದಾರ ಕತ್ತರಿಸಿ, ಆಮೇಲೆ ಮೇಲಿನ ಆಫೀಸಿಗೆ ಹೋದಳು.

ಲಾಂಡ್ರಿ ನಾಲ್ಕು ಆಸ್ಪತ್ರೆಗಳ ಬಟ್ಟೆ ಒಗೆಯುತ್ತಿತ್ತು. ದಿನಕ್ಕೆ ಮೂರು ಸಾವಿರ ಬೆಡ್‌ಶೀಟು. ಹನ್ನೊಂದು ತಿಂಗಳ ಹಿಂದೆ ಯಜಮಾನರ ಸೊಸೆ, ಎಲ್ಲರ ಬಾಯಲ್ಲಿ ಮೇಡಂ, ಆಡಳಿತ ವಹಿಸಿಕೊಂಡ ಮೇಲೆ ಪ್ರತಿ ಶೀಟಿನ ಮೂಲೆಗೂ ಅಂಗಿಯ ಗುಂಡಿಯಷ್ಟು ದೊಡ್ಡ ಚಿಪ್ ಹೊಲಿಯಲಾಗಿತ್ತು. ಹೊಲಿದವರು ಇದೇ ಆರು ಹೆಂಗಸರು. ಶೀಟು ಇಸ್ತ್ರಿಯಾಗಿ ಸ್ಕ್ಯಾನರ್ ಕೆಳಗೆ ಬಂದಾಗ ಅಲ್ಲಿದ್ದವರು ಮೂರರಲ್ಲಿ ಒಂದು ಗುಂಡಿ ಒತ್ತಬೇಕು: ಸರಿ, ಕಲೆ, ಹರಿದಿದೆ. ಯಾವ ಆಸ್ಪತ್ರೆಯ ಶೀಟು, ಎಷ್ಟನೇ ಒಗೆತ, ಈಗ ಎಲ್ಲಿದೆ ಎಂಬುದೆಲ್ಲ ಮೇಲಿನ ಪರದೆಯಲ್ಲಿ ಕಾಣುತ್ತಿತ್ತು. ಎಷ್ಟು ಸಾಬೂನು ತರಿಸಬೇಕು, ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನು ಮೇಡಂ ಈಗ ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದರು. ಅವರು ಬಂದ ಮೇಲೆ ಒಂದು ಗಾಡಿಯೂ ತಡವಾಗಿರಲಿಲ್ಲ. ಇದನ್ನು ಸೂಜಿಯಕ್ಕನೂ ಒಪ್ಪುತ್ತಿದ್ದಳು.

ಮೇಡಂ ಆಕೆಗೆ ಕುರ್ಚಿ ಕೊಟ್ಟು ಪರದೆಯನ್ನು ತಿರುಗಿಸಿ ತೋರಿಸಿದರು. ಹನ್ನೊಂದು ತಿಂಗಳಲ್ಲಿ ಹರಿದ ಶೀಟುಗಳು: ತೊಂಬತ್ತೇಳು. ತಿಂಗಳಿಗೆ ಒಂಬತ್ತೂ ಇಲ್ಲ. ಅದಕ್ಕೆ ಆರು ಜನ, ಆರು ಯಂತ್ರ, ಒಂದು ಕೋಣೆ.

ಸೂಜಿಯಕ್ಕ ಕನ್ನಡಕ ಸರಿಮಾಡಿಕೊಂಡು ಆ ಅಂಕಿಯನ್ನು ಓದಿದಳು.

"ನಿನ್ನೆ ಒಂದೇ ದಿನ ನಾವು ನೂರಾ ಎಂಬತ್ತು ಹೊಲಿದಿದೀವಿ, ಮೇಡಂ."

"ಎಲ್ಲಿ ಬರೆದಿದೆ ಅಕ್ಕ?"

"ಬಟ್ಟೆ ಮೇಲೆ."

ಮೇಡಂ ನಗಲಿಲ್ಲ. ತಾವು ಯಾರ ಅನ್ನ ಕಿತ್ತುಕೊಳ್ಳಲೂ ಕೂತಿಲ್ಲ, ಆದರೆ ಬಾಯಿಮಾತಿನ ಮೇಲೆ ಕೋಣೆ ನಡೆಸುವುದಕ್ಕೆ ಆಗುವುದಿಲ್ಲ, ನೂರಾ ಎಂಬತ್ತು ಇದ್ದರೆ ಅದು ಇಲ್ಲಿ ಕಾಣಬೇಕಲ್ಲ ಎಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಯಾಕೆ ಕಾಣುತ್ತಿಲ್ಲ ಎಂಬುದಕ್ಕೆ ಮೂಲೆಯ ಕುರ್ಚಿಯಿಂದ ಉತ್ತರ ಬಂತು. ಅಲ್ಲಿ ಹಳೆಯ ಯಜಮಾನರು, ಅಂದರೆ ಮೇಡಂ ಅವರ ಮಾವ, ಪೇಪರ್ ಓದುತ್ತಿದ್ದರು. ಆಡಳಿತ ಬಿಟ್ಟಿದ್ದರೂ ಕುರ್ಚಿ ಬಿಟ್ಟಿರಲಿಲ್ಲ.

"ಕಿಟಕಿ ವಿಷಯ ಈ ಯಂತ್ರಕ್ಕೆ ಯಾರಾದ್ರೂ ಹೇಳಿದಾರೇನಮ್ಮ?"

"ಯಾವ ಕಿಟಕಿ ಮಾವ?"

ಹದಿನೆಂಟು ವರ್ಷದ ಹಿಂದೆ ಯಜಮಾನರೇ ಗೋಡೆ ಒಡೆಸಿ ಇಡಿಸಿದ ಕಿಟಕಿ ಅದು. ಒಂದು ಕಡೆ ಡ್ರೈಯರ್‌ಗಳ ಹಾಲ್, ಇನ್ನೊಂದು ಕಡೆ ಹೊಲಿಗೆ ಕೋಣೆ. ಡ್ರೈಯರ್‌ನಿಂದ ಬಟ್ಟೆ ತೆಗೆಯುವವರು ಹರಿದದ್ದು ಕಣ್ಣಿಗೆ ಬಿದ್ದ ಕೂಡಲೇ ಕಿಟಕಿಯಿಂದ ಒಳಗೆ ಎಸೆಯುತ್ತಾರೆ. ಹೊಲಿದಾದ ಮೇಲೆ ಅದು ಅದೇ ಕಿಟಕಿಯಿಂದ ಹೊರಬಂದು, ಇಸ್ತ್ರಿಯಾಗಿ ಸ್ಕ್ಯಾನರ್ ಕೆಳಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಅದು ಸರಿಯಾದ ಶೀಟು. ಗುಂಡಿ ಒತ್ತುವವನು "ಸರಿ" ಎಂದೇ ಒತ್ತುತ್ತಾನೆ. ವ್ಯವಸ್ಥೆ ತಂದ ಕಂಪನಿಯವರು ಬರೆದುಕೊಟ್ಟ ನಕ್ಷೆಯಲ್ಲಿ ಒಗೆತ, ಒಣಗಿಸುವಿಕೆ, ಇಸ್ತ್ರಿ, ಸ್ಕ್ಯಾನರ್, ಅದರ ಆಚೆ ಹೊಲಿಗೆ ಎಂದು ಐದು ಚೌಕಗಳಿದ್ದವು. ಕಿಟಕಿ ಇರಲಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ತರಬೇತಿಯ ದಿನ, "ಹರಿದಿದೆ" ಒತ್ತಿದರೆ ಆ ಶೀಟು ಆಸ್ಪತ್ರೆಯ ಲೆಕ್ಕದಿಂದ ಹೊರಗೆ ಹೋಗುತ್ತದೆ ಎಂದು ಕಂಪನಿಯವರು ಹೇಳಿದ್ದರು. ಅದನ್ನು ಕೇಳಿದ ಡ್ರೈಯರ್ ಹಾಲ್‌ನ ಮೇಸ್ತ್ರಿ, ಏನೇ ಆಗಲಿ ಹರಿದ ಶೀಟು ಒಂದೂ ಸ್ಕ್ಯಾನರ್ ಮುಟ್ಟಕೂಡದು ಎಂದು ತನ್ನ ಜನರಿಗೆ ತಾಕೀತು ಮಾಡಿದ್ದ. ಅವರು ಅದನ್ನು ಹನ್ನೊಂದು ತಿಂಗಳು ಚಾಚೂ ತಪ್ಪದೆ ಪಾಲಿಸಿದ್ದರು. ತೊಂಬತ್ತೇಳು ಶೀಟು ಮಾತ್ರ ಅವರ ಕಣ್ಣು ತಪ್ಪಿಸಿ ಹೋಗಿದ್ದವು.

ಸೂಜಿಯಕ್ಕ ಒಂದು ದಿನದ ಅವಕಾಶ ಕೇಳಿದಳು. ಗುರುವಾರ ಕಿಟಕಿ ಮುಚ್ಚಿಡಿ, ನಕ್ಷೆಯಲ್ಲಿ ಇರುವ ಹಾಗೆಯೇ ಕೆಲಸ ನಡೆಯಲಿ, ಪ್ರತಿ ಶೀಟೂ ಮೊದಲು ಸ್ಕ್ಯಾನರ್ ಕೆಳಗೆ ಹೋಗಲಿ. ಹತ್ತು ಬಂದರೆ ಶುಕ್ರವಾರವೇ ಕೋಣೆಯ ಬೀಗ ನಾನೇ ಹಾಕಿ ಕೀಲಿ ತಂದುಕೊಡುತ್ತೇನೆ ಎಂದಳು. ಗಾಡಿಗೆ ಶೀಟು ಕಡಿಮೆ ಬಿದ್ದರೆ ಏನು ಮಾಡುವುದು ಎಂದು ಮೇಡಂ ಕೇಳಿದರು. ಮೀಸಲು ಐವತ್ತು ಶೀಟು ಕಪಾಟಿನಲ್ಲಿತ್ತು. ಮೇಡಂ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು. ಕೊನೆಗೆ, ಗುರುವಾರ ಆಗಲಿ ಎಂದರು.

ಒಪ್ಪದವನು ಮೇಸ್ತ್ರಿ. ಅವನು ಸೂಜಿಯಕ್ಕನ ತಂಗಿಯ ಗಂಡ. ಅವನ ಹಾಲ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮುಕ್ಕಾಲು ಪಾಲು ಶೀಟು "ಸರಿ" ಎಂದು ಬರುತ್ತಿದ್ದುದಕ್ಕೆ ಮೇಡಂ ಕೊಟ್ಟ ಪ್ರಶಂಸಾಪತ್ರವನ್ನು ಅವನು ಚೌಕಟ್ಟು ಹಾಕಿಸಿ ಡ್ರೈಯರ್ ಪಕ್ಕದ ಗೋಡೆಗೆ ತೂಗುಹಾಕಿದ್ದ. ಬುಧವಾರ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೊಲಿಗೆ ಕೋಣೆಗೆ ಬಂದು, ಬಾಗಿಲಲ್ಲೇ ನಿಂತ.

"ಒಂದೇ ದಿನದಲ್ಲಿ ನನ್ನ ಮುಖಕ್ಕೆ ಮಸಿ ಬಳೀತೀರಾ ಅಕ್ಕ. ಹರಿದಿದ್ದೆಲ್ಲ ನನ್ನ ಹಾಲ್‌ನಲ್ಲೇ ಹರೀತು ಅಂತಾರೆ."

ಸೂಜಿಯಕ್ಕ ಉತ್ತರ ಕೊಡುವ ಮೊದಲೇ ಎರಡನೇ ಯಂತ್ರದಲ್ಲಿ ಕೂತಿದ್ದ ತಂಗಿ, ಅಂದರೆ ಅವನ ಹೆಂಡತಿ, ದಾರ ಹಲ್ಲಿನಿಂದ ಕಡಿದು ಬಾಯಿ ತೆರೆದಳು.

"ಶನಿವಾರದಿಂದ ನಾನು ಮನೇಲಿರ್ತೀನಿ. ನಿಮ್ಮ ಸರ್ಟಿಫಿಕೇಟನ್ನ ದಿನಾ ಒರೆಸಿಡ್ತೀನಿ, ಯೋಚನೆ ಮಾಡ್ಬೇಡಿ."

ಕೋಣೆಯಲ್ಲಿದ್ದ ಐವರೂ ಬುತ್ತಿಯ ಕಡೆ ತಲೆ ಬಗ್ಗಿಸಿದರು. ಮೇಸ್ತ್ರಿ ಅಲ್ಲಿಂದ ಹೋದ. ಪಾಳಿ ಮುಗಿಯುವಾಗ ಅವನೇ ಒಂದು ಹಲಗೆ ತಂದು ಕಿಟಕಿಗೆ ಅಡ್ಡ ಇಟ್ಟು ನಾಲ್ಕು ಮೊಳೆ ಹೊಡೆದ.

ಗುರುವಾರ ಬೆಳಿಗ್ಗೆ ಆರಕ್ಕೆ ಕೆಲಸ ಶುರುವಾಯಿತು. ನಕ್ಷೆಯಂತೆ ಹರಿದದ್ದು ಸ್ಕ್ಯಾನರ್ ಪಕ್ಕ ರಾಶಿಯಾಗಿ, ಪಾಳಿ ಮುಗಿದ ಮೇಲಷ್ಟೇ ಹೊಲಿಗೆಗೆ ಬರಬೇಕಿತ್ತು; ಹೊಲಿಗೆ ಕೋಣೆಯ ಆರು ಜನ ಕೈಕಟ್ಟಿ ಕೂತರು. ಇಪ್ಪತ್ತೊಂದು ವರ್ಷದಲ್ಲಿ ಯಂತ್ರದ ಮುಂದೆ ಸುಮ್ಮನೆ ಕೂತದ್ದು ಇದೇ ಮೊದಲು ಎಂದು ಸೂಜಿಯಕ್ಕ ಹೇಳಿದಳು. ತಂಗಿ ಏಳೂವರೆಯೊಳಗೇ ಮೂರು ಸಲ ಸ್ಕ್ಯಾನರ್ ತನಕ ಹೋಗಿ ಬಂದಳು.

ಏಳು ಗಂಟೆಗೆ "ಹರಿದಿದೆ" ಇಪ್ಪತ್ತೆರಡು. ಎಂಟೂವರೆಗೆ ಐವತ್ತೊಂಬತ್ತು. ಗುಂಡಿ ಒತ್ತುವವನಿಗೆ ಆ ಗುಂಡಿ ಎಷ್ಟು ಅಪರೂಪವಾಗಿತ್ತೆಂದರೆ ಮೊದಲ ಗಂಟೆ ಅದನ್ನು ಹುಡುಕಿ ಹುಡುಕಿ ಒತ್ತಿದ. ಆಮೇಲೆ ನೋಡದೆಯೇ ಒತ್ತತೊಡಗಿದ. ಒಂಬತ್ತೂಮುಕ್ಕಾಲಿಗೆ ಮೀಸಲು ಶೀಟು ಖಾಲಿಯಾಯಿತು. ಹತ್ತೂ ನಲವತ್ತಕ್ಕೆ ಮೇಲಿನ ಪರದೆಯಲ್ಲಿ ಹೆರಿಗೆ ಆಸ್ಪತ್ರೆಯ ಸಾಲು ಕೆಂಪಾಯಿತು: ಒಂದೂವರೆಯ ಗಾಡಿಗೆ ಅರವತ್ತು ಶೀಟು ಕಡಿಮೆ. ಅದರ ಹಿಂದೆಯೇ, ಇನ್ನೂರೈವತ್ತು ಹೊಸ ಶೀಟು ಖರೀದಿಸಲು ವ್ಯವಸ್ಥೆ ತಾನಾಗಿಯೇ ಆರ್ಡರ್ ಸಿದ್ಧಪಡಿಸಿ ಮೇಡಂ ಅವರ ಒಪ್ಪಿಗೆ ಕೇಳಿತು. ಹೊಸ ಶೀಟು ಬರಲು ಒಂಬತ್ತು ದಿನ ಬೇಕು ಎಂದೂ ತಿಳಿಸಿತು.

ಮೇಡಂ ಒಪ್ಪಿಗೆ ಒತ್ತಲಿಲ್ಲ. ಪರದೆಯನ್ನು ಮಾವನ ಕಡೆ ತಿರುಗಿಸಿದರು. ಯಜಮಾನರು ಪೇಪರ್ ಮಡಿಸಿಟ್ಟು ಅದನ್ನು ನೋಡಿದರು.

"ಇಷ್ಟು ದಿನ ಇದನ್ನೆಲ್ಲ ಯಾರು ತಡೀತಿದ್ರು ಅಂತ ಈಗ ಕಾಣ್ತಿದೆ."

ಮೇಡಂ ಕೆಳಗಿಳಿದರು. ಹನ್ನೊಂದು ತಿಂಗಳಲ್ಲಿ ಅವರು ಸ್ಕ್ಯಾನರ್ ತನಕ ಎಷ್ಟೋ ಸಲ ಬಂದಿದ್ದರು, ಹೊಲಿಗೆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಮೇಸ್ತ್ರಿ ಸುತ್ತಿಗೆ ಹಿಡಿದು ಕಿಟಕಿಯ ಪಕ್ಕ ಆಗಲೇ ನಿಂತಿದ್ದ. ತೆಗೆಯಿರಿ ಎಂದರು. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹಲಗೆ ಬಿತ್ತು, ಸ್ಕ್ಯಾನರ್ ಪಕ್ಕದ ರಾಶಿ ಒಳಗೆ ಬಂತು; ಪಾಳಿ ಮುಗಿಯುವವರೆಗೆ ಹರಿದದ್ದು ಸ್ಕ್ಯಾನ್ ಆದ ಮೇಲೆಯೇ ಕಿಟಕಿಗೆ ಬರಲಿ ಎಂದರು ಮೇಡಂ.

"ಅಕ್ಕ, ಒಂದೂವರೆ ಗಾಡಿಗೆ ಅರವತ್ತು ಬೇಕು. ಆಗುತ್ತಾ?"

ಸೂಜಿಯಕ್ಕ ಮನಸ್ಸಿನಲ್ಲೇ ಎಣಿಸಿದಳು. ತಲೆಗೆ ಹತ್ತು, ಒಂದಕ್ಕೆ ಹನ್ನೊಂದು ನಿಮಿಷ.

"ಒಂದೂ ಹತ್ತಕ್ಕೆ ಮುಗಿಯುತ್ತೆ. ನೀವು ದಾರಿ ಬಿಟ್ಟು ನಿಲ್ಲಿ ಮೇಡಂ."

ಆರು ಯಂತ್ರಗಳು ಒಟ್ಟಿಗೆ ಹೊರಟವು. ಮೇಡಂ ಗೋಡೆಗೆ ಒರಗಿ ನಿಂತು ನೋಡಿದರು. ಸೂಜಿಯಕ್ಕ ಶೀಟನ್ನು ಬಿಡಿಸಿ ಹರಿದ ಕಡೆಯನ್ನು ಹುಡುಕುತ್ತಿರಲಿಲ್ಲ. ಕೈ ನೇರ ಅಲ್ಲಿಗೇ ಹೋಗುತ್ತಿತ್ತು. ಅದು ಹೇಗೆ ಎಂದು ಮೇಡಂ ಕೇಳಿದಾಗ, ತಲೆ ಎತ್ತದೆಯೇ ವಿವರಿಸಿದಳು: ಹೆರಿಗೆ ಆಸ್ಪತ್ರೆಯ ಶೀಟು ಯಾವಾಗಲೂ ಎಡ ಅಂಚಿನಿಂದ ಒಂದು ಗೇಣು ಒಳಗೆ, ಉದ್ದಕ್ಕೆ ಹರಿದಿರುತ್ತದೆ, ಏನೋ ಒಂದು ಕಬ್ಬಿಣ ಅಲ್ಲಿ ಕಚ್ಚುತ್ತಿದೆ, ಉಳಿದ ಆಸ್ಪತ್ರೆಗಳವು ಹಾಗಲ್ಲ, ಮಧ್ಯದಲ್ಲಿ ಸವೆಯುತ್ತವೆ. ಇದು ಎಷ್ಟು ದಿನದಿಂದ ಎಂದರೆ, ಎರಡು ವರ್ಷವಾಯಿತು ಎಂದಳು. ಯಾರಿಗೂ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬಂತು.

"ಯಾರೂ ಕೇಳಲಿಲ್ಲ. ಕಿಟಕಿಯಿಂದ ಶೀಟು ಬರ್ತಿತ್ತು, ಮನುಷ್ಯರು ಬರ್ತಿರ್ಲಿಲ್ಲ."

ಕೊನೆಯ ಶೀಟು ಹೊಲಿದು ಮುಗಿದಾಗ ಒಂದು ಗಂಟೆ ಎಂಟು ನಿಮಿಷ. ಹೊಲಿದವು ಕಂತುಕಂತಾಗಿ ಮತ್ತೆ ಇಸ್ತ್ರಿಯಾಗಿ ಸ್ಕ್ಯಾನರ್ ಕೆಳಗೆ ಹೋಗುತ್ತಲೇ ಇದ್ದವು. ಪರದೆಯಲ್ಲಿ "ಹರಿದಿದೆ" ಒಂದೊಂದಾಗಿ "ಸರಿ"ಯಾಗುವುದನ್ನು ಯಜಮಾನರು ಮೇಲಿಂದ ಕೂಗಿ ಕೂಗಿ ಹೇಳಿದರು. ಐವತ್ತು ದಾಟಿದ ಮೇಲೆ ಕೆಳಗಿನವರೂ ದನಿಗೂಡಿಸಿದರು. ಅರವತ್ತಕ್ಕೆ ಡ್ರೈಯರ್ ಹಾಲ್‌ನಲ್ಲಿ ಯಾರೋ ಖಾಲಿ ಬುಟ್ಟಿಯನ್ನು ತಮಟೆಯಂತೆ ಬಡಿದರು. ಒಂದು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಹೆರಿಗೆ ಆಸ್ಪತ್ರೆಯ ಸಾಲು ಹಸಿರಾಯಿತು. ಗಾಡಿ ಹೊರಟಾಗ ಒಂದೂವರೆ. ಚಾಲಕ, ಇವತ್ತೇನು ಮದುವೆ ಮನೆಯೇ ಎಂದು ಕೇಳಿಕೊಂಡು ಹೋದ.

ಎರಡು ಗಂಟೆಗೆ ಪಾಳಿ ಮುಗಿದಾಗ ಆ ದಿನ ಹರಿದು ಬಂದ ಶೀಟುಗಳು ನೂರಾ ಎಂಬತ್ತಾರು. ಹನ್ನೊಂದು ತಿಂಗಳ ಲೆಕ್ಕದ ಹತ್ತಿರ ಹತ್ತಿರ ಎರಡರಷ್ಟು, ಎಂಟು ಗಂಟೆಯಲ್ಲಿ. "ಸರಿ" ಪ್ರಮಾಣ ನೂರಕ್ಕೆ ತೊಂಬತ್ತಮೂರು ಪಾಯಿಂಟ್ ಎಂಟಕ್ಕೆ ಇಳಿದಿತ್ತು. ಮೇಸ್ತ್ರಿ ತಾನಾಗಿಯೇ ಚೌಕಟ್ಟನ್ನು ಇಳಿಸಲು ಹೋದಾಗ ಮೇಡಂ ತಡೆದರು. ಹರಿದದ್ದು ಒಂದೂ ಆಸ್ಪತ್ರೆಗೆ ಹೋಗಲಿಲ್ಲವಲ್ಲ, ಅದು ಅಲ್ಲೇ ಇರಲಿ ಎಂದರು. ಅವನ ಹೆಂಡತಿ ಮಾತ್ರ, ಗಾಜಿನ ಮೇಲೆ ಧೂಳಿದೆ ನೋಡಿ ಎಂದಳು.

ನೂರಾ ಎಂಬತ್ತಾರರಲ್ಲಿ ಯಾವುದು ಯಾವ ಆಸ್ಪತ್ರೆಯದೆಂದು ಚಿಪ್‌ಗಳು ಹೇಳಿದವು. ನೂರಾ ಒಂಬತ್ತು ಹೆರಿಗೆ ಆಸ್ಪತ್ರೆಯವು. ಎಲ್ಲಿ ಹರಿದಿದೆ ಎಂಬುದನ್ನು ಚಿಪ್ ಹೇಳುವುದಿಲ್ಲ. ಅದನ್ನು ಸೂಜಿಯಕ್ಕ ಹೇಳಿದ್ದಳು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಮೇಡಂ ಶುಕ್ರವಾರ ಆಕೆಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು. ಕೊಳೆಬಟ್ಟೆ ಸಾಗಿಸುವ ಹದಿನಾಲ್ಕು ಕೈಗಾಡಿಗಳಲ್ಲಿ ಐದರ ಎಡಬದಿಯ ಸರಳು ಕಿತ್ತುಬಂದು ಒಳಮುಖವಾಗಿ ಬಾಗಿತ್ತು. ಸೂಜಿಯಕ್ಕ ಗಾಡಿಯ ಅಂಚಿನಿಂದ ಗೇಣು ಹಾಕಿ ತೋರಿಸಿದಳು. ಅಂಚಿಗೆ ಇಳಿಬಿದ್ದ ಶೀಟನ್ನು ಸರಳು ಕಚ್ಚುತ್ತಿದ್ದುದು ಸರಿಯಾಗಿ ಅಲ್ಲೇ. ಆಸ್ಪತ್ರೆಯವರು ಬೆಸುಗೆಯವನನ್ನು ಅಂದೇ ಕರೆಸಿದರು.

ವಾಪಸು ಬಂದ ಮೇಲೆ ಹೊಲಿಗೆ ಕೋಣೆಯ ಬಾಗಿಲಿನ ಕಾಗದವನ್ನು ಮೇಡಂ ತಾವೇ ಕಿತ್ತು, ನಾಲ್ಕಾಗಿ ಮಡಿಸಿ ಬ್ಯಾಗಿನಲ್ಲಿ ಹಾಕಿಕೊಂಡರು. ಒಳಗೆ ಬಂದು, ತಮ್ಮದು ತಪ್ಪಾಯಿತು ಎಂದು ಆರು ಜನರ ಎದುರಿಗೇ ಹೇಳಿದರು. ಸೂಜಿಯಕ್ಕ, ಕೂತು ಟೀ ಕುಡಿಯಿರಿ ಎಂದಳು. ಕೂರಲು ಬೇರೆ ಜಾಗವಿರಲಿಲ್ಲ; ಮೇಡಂ ಹೊಲಿಯದ ಶೀಟುಗಳ ಗಂಟಿನ ಮೇಲೆ ಕೂತರು.

ಮುಂದಿನ ಸೋಮವಾರ ಬೆಳಿಗ್ಗೆ ಕಿಟಕಿಯ ಕೆಳಗೆ ಎರಡನೇ ಸ್ಕ್ಯಾನರ್ ಬಂತು. ಅದರಲ್ಲಿ ನಾಲ್ಕನೇ ಗುಂಡಿಯೊಂದಿತ್ತು: ಹೊಲಿದಿದೆ. ತಿಂಗಳು ಕಳೆಯುವಷ್ಟರಲ್ಲಿ ಹೆರಿಗೆ ಆಸ್ಪತ್ರೆಯಿಂದ ಹರಿದು ಬರುವ ಶೀಟು ದಿನಕ್ಕೆ ಇಪ್ಪತ್ತೆರಡಕ್ಕೆ ಇಳಿಯಿತು. ಅದರಿಂದ ಉಳಿದ ಹೊತ್ತಿಗೆ, ಅಲ್ಲಿಯವರೆಗೆ ಹೊರಗೆ ಕಳಿಸುತ್ತಿದ್ದ ಆಪರೇಷನ್ ಕೋಣೆಯ ನಿಲುವಂಗಿಗಳ ಹೊಲಿಗೆಯೂ ಇದೇ ಕೋಣೆಗೆ ಬಂತು. ಎರಡನೇ ಇಸ್ತ್ರಿ ರೋಲರ್ ಹಿಂಬದಿಯ ಶೆಡ್‌ನಲ್ಲಿ ಕೂತಿತು. ಹೊಲಿಗೆ ಕೋಣೆಗೆ ಏಳನೇ ಯಂತ್ರ ತರಿಸಿ, ಇನ್ನೊಬ್ಬಳನ್ನು ಕೆಲಸಕ್ಕೆ ತೆಗೆದುಕೊಳ್ಳಲಾಯಿತು.